ಪ್ಲಿಮತ್ ಡಸ್ಟರ್: 340ರ ಹಿಂದೆ ಬೀಳಬೇಡಿ, 318 ಸಾಕು

ಹಳೆಯ ಅಮೆರಿಕನ್ ಮಸಲ್ ಕಾರು ಬೇಕು, ಆದರೆ ದುಡ್ಡು ಜಾಸ್ತಿ ಹಾಕೋಕಾಗಲ್ಲ ಅನ್ನುವವರಿಗೆ ನಾನು ಹೇಳುವುದು ಪ್ಲಿಮತ್ ಡಸ್ಟರ್ ಹೆಸರನ್ನೇ. ನನ್ನದು 1971ರ ಕಾರು, 318 ವಿ8, ಅಂದರೆ 318 ಘನ ಇಂಚಿನ ಎಂಟು ಸಿಲಿಂಡರಿನ ಎಂಜಿನ್ (340, 360 ಅನ್ನುವುದೂ ಹೀಗೇ ಎಂಜಿನ್ ಅಳತೆ). ಮಿಷಿಗನ್‌ನಲ್ಲಿ ವರ್ಷಗಳಿಂದ ಓಡಿಸುತ್ತಿದ್ದೇನೆ. ರಸ್ತೆಗೆ ಉಪ್ಪು ಸುರಿಯುವ ಚಳಿಗಾಲದಲ್ಲಿ ಮಾತ್ರ ಹೊರಗೆ ತೆಗೆಯುವುದಿಲ್ಲ.

ಡಸ್ಟರ್ ಬಂದದ್ದು 1970ರ ಮಾಡೆಲ್ ಆಗಿ. ಮುಂಭಾಗವೆಲ್ಲ ಮನೆಮಂದಿಯ ಕಾರಾದ ವ್ಯಾಲಿಯಂಟ್‌ದು, ಹಿಂಭಾಗ ಮಾತ್ರ ಹೊಸ ಕೂಪೆ. ಅದಕ್ಕೇ ಅಗ್ಗ. 340 ಎಂಜಿನ್ ಇದ್ದ ಕಾರೇ ಆಗ ಸುಮಾರು 2,550 ಡಾಲರಿಗೆ ಸಿಗುತ್ತಿತ್ತು.

ಎಂಜಿನ್ ವಿಷಯಕ್ಕೆ ಬರೋಣ. 198 ಮತ್ತು 225 ಘನ ಇಂಚಿನ, ಆರು ಸಿಲಿಂಡರಿನ ಸ್ಲ್ಯಾಂಟ್ ಸಿಕ್ಸ್‌ಗಳು 30 ಡಿಗ್ರಿ ವಾಲಿಕೊಂಡು ಕೂತಿರುತ್ತವೆ. ಗಟ್ಟಿಮುಟ್ಟು ನಿಜ, ಆದರೆ ಮಸಲ್ ಅನ್ನಿಸುವುದಿಲ್ಲ. 340 ಎಲ್ಲರ ಕನಸು: ನಾಲ್ಕು ಬ್ಯಾರೆಲ್ (ಗಾಳಿ ಹೋಗುವ ಕೊಳವೆ) ಇರುವ, ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್, ಅಂದಿನ ಗ್ರಾಸ್ ಲೆಕ್ಕದಲ್ಲಿ (ಎಂಜಿನ್ ಒಂದನ್ನೇ ಹೊರಗಿಟ್ಟು ಅಳೆಯುವುದು) 275 ಹಾರ್ಸ್‌ಪವರ್. 1972ರಲ್ಲಿ ಕಂಪ್ರೆಷನ್ ಇಳಿಯಿತು, ಲೆಕ್ಕವೂ ನೆಟ್ (ಕಾರಿನಲ್ಲಿರುವಂತೆ ಎಲ್ಲ ಜೋಡಣೆಯೊಂದಿಗೆ ಅಳೆಯುವುದು) ಆಯಿತು, ಕಾಗದದ ಮೇಲೆ 240ಕ್ಕೆ ಬಂತು. 1974ರಲ್ಲಿ ಅದರ ಜಾಗಕ್ಕೆ 360 ಬಂತು.

318 ಎರಡು ಬ್ಯಾರೆಲ್‌ನದು, ಗ್ರಾಸ್ 230. ಇದೂ 340ರ ಕುಟುಂಬದ್ದೇ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಎರಡಕ್ಕೂ ಒಂದೇ, 3.31 ಇಂಚು. 340ರ ಬೋರ್ (ಸಿಲಿಂಡರಿನ ಅಗಲ) ಮಾತ್ರ ದೊಡ್ಡದು. ಸಾದಾ ಪೆಟ್ರೋಲಿನಲ್ಲೇ ಓಡುತ್ತದೆ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಸಿಗ್ನಲ್ಲಿನಿಂದ ಕಾಲೊತ್ತಿದರೆ ಹಗುರವಾದ ಈ ಕಾರು ಖುಷಿಯಾಗಿ ಜಿಗಿಯುತ್ತದೆ. ದಿನಾ ಓಡಿಸುವವರಿಗೆ ಇನ್ನೇನು ಬೇಕು? ನಾಲ್ಕು ಬ್ಯಾರೆಲ್‌ನ ಇನ್‌ಟೇಕ್ ಮತ್ತು ಒಳ್ಳೆಯ ಎಕ್ಸಾಸ್ಟ್ ಹಾಕಿಸಿದ ಮೇಲಂತೂ ನನಗೆ 340 ಇಲ್ಲ ಅನ್ನುವ ಕೊರಗೇ ಹೋಯಿತು.

340 ಅಂತಲೇ ಹೇಳಿ ಮಾರುವವರಿದ್ದರೆ 1970-71ರ ಕಾರುಗಳಲ್ಲಿ ವಿನ್ ನಂಬರಿನ (ಕಾರಿನ ಗುರುತಿನ ಸಂಖ್ಯೆ) ಐದನೆಯ ಅಕ್ಷರ ನೋಡಿ. ಎಚ್ ಇದ್ದರೆ ಕಾರ್ಖಾನೆಯಿಂದಲೇ 340. ಜಿ ಇದ್ದರೆ 318, ಯಾರೋ ಆಮೇಲೆ ಬದಲಾಯಿಸಿದ್ದು. ಈ ಒಂದು ಅಕ್ಷರಕ್ಕೆ ಬೆಲೆಯಲ್ಲಿ ಭಾರೀ ವ್ಯತ್ಯಾಸ.

ಬ್ರೇಕ್ ಬಗ್ಗೆ ಮಾತ್ರ ರಾಜಿ ಬೇಡ. ಬರೀ ಡ್ರಮ್ ಬ್ರೇಕ್ ಇದ್ದ ಕಾರನ್ನು ಇವತ್ತಿನ ಹೈವೇಗೆ ತರುವುದು ನನಗೆ ಸರಿ ಕಾಣುವುದಿಲ್ಲ. 1973ರ ನಂತರದ ಕಾರುಗಳ ಮುಂದಿನ ಡಿಸ್ಕ್ ಜೋಡಣೆ ಇದಕ್ಕೆ ಕೂರುತ್ತದೆ. ಚಕ್ರದ ಬೋಲ್ಟ್ ಅಳತೆ ಬದಲಾಗುವುದರಿಂದ ಚಕ್ರದ ಖರ್ಚನ್ನೂ ಸೇರಿಸಿಕೊಳ್ಳಿ. ಇಗ್ನಿಷನ್ನಿಗೆ ಹೋಗುವ ಕರೆಂಟನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಒಂದನ್ನು ಗ್ಲವ್ ಬಾಕ್ಸಿನಲ್ಲಿ ಇಟ್ಟಿರಿ. ಅದು ಸುಟ್ಟರೆ ಎಂಜಿನ್ ಸ್ಟಾರ್ಟ್ ಆಗಿ, ಕೀ ಬಿಟ್ಟ ತಕ್ಷಣ ನಿಂತುಹೋಗುತ್ತದೆ.

ಕೊಳ್ಳುವಾಗ ಎಂಜಿನ್‌ಗಿಂತ ಮೊದಲು ತುಕ್ಕು ನೋಡಿ. ಎಂಜಿನ್ ಬದಲಾಯಿಸಬಹುದು, ಕೊಳೆತ ಬಾಡಿ ಸರಿಮಾಡಲು ಕಾರಿನ ಬೆಲೆಗಿಂತ ಜಾಸ್ತಿ ಬೇಕಾಗಬಹುದು. ಡಿಕ್ಕಿಯ ತಳ, ಹಿಂದಿನ ಚಕ್ರದ ಸುತ್ತ ಕೈಯಾಡಿಸಿ. ವಿಂಡ್‌ಶೀಲ್ಡ್ ಕೆಳಗಿನ ಜಾಲರಿಯೊಳಗೆ ಒಂದು ಚೊಂಬು ನೀರು ಸುರಿಸಿ, ಒಳಗೆ ಕಾಲಿಡುವ ಕಡೆ ಕಾರ್ಪೆಟ್ ಒದ್ದೆಯಾದರೆ ಆ ಕಾರು ಬಿಟ್ಟುಬಿಡಿ.