ಬೋರ್ಡ್ ಮೀಟಿಂಗ್ ಆ್ಯಪ್: ಮೂರು ವರ್ಷ ಬಳಸಿದ ಮೇಲೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ಮಾಡುವ ಕಂಪನಿಯೊಂದಕ್ಕೆ ನಾನು ಕಂಪನಿ ಸೆಕ್ರೆಟರಿ, ಅಂದರೆ ಬೋರ್ಡ್ ಮೀಟಿಂಗ್ ಕಾನೂನಿನಂತೆ ನಡೆಯುವ ಹಾಗೆ ನೋಡಿಕೊಳ್ಳುವವಳು. ಬೋರ್ಡಿನಲ್ಲಿ ಆರು ಜನ ಡೈರೆಕ್ಟರುಗಳು. ಕಾನೂನಿನ ಪ್ರಕಾರ ವರ್ಷಕ್ಕೆ ಕನಿಷ್ಠ 4 ಮೀಟಿಂಗ್ ಆಗಬೇಕು, ಎರಡರ ನಡುವೆ 120 ದಿನ ದಾಟಬಾರದು. ಹಿಂದೆಲ್ಲ ಮೀಟಿಂಗ್ ಅಂದರೆ ನನಗೆ ಜೆರಾಕ್ಸ್ ಅಂಗಡಿಯೇ ಕಣ್ಮುಂದೆ ಬರುತ್ತಿತ್ತು. ಮುನ್ನೂರು ಪುಟ, ಆರು ಸೆಟ್, ಸ್ಪೈರಲ್ ಬೈಂಡಿಂಗ್, ಮಂಗಳೂರಿನ ಡೈರೆಕ್ಟರಿಗೆ ಕೊರಿಯರ್. ಕಳಿಸಿದ ಮರುದಿನವೇ ಅಕೌಂಟ್ಸ್‌ನವರು ಬಂದು "ಮೇಡಂ, ಒಂದು ಪುಟ ಬದಲಾಗಿದೆ" ಅನ್ನುತ್ತಿದ್ದರು.

ಮೀಟಿಂಗಿನ ಕಾಗದಪತ್ರಗಳನ್ನೆಲ್ಲ ಫೈಲಾಗಿ ಡೈರೆಕ್ಟರುಗಳಿಗೆ ತಲುಪಿಸುವ ಆ್ಯಪ್ ಬಂದ ಮೇಲೆ ಆ ಕಾಟ ತಪ್ಪಿತು. ಹೆಸರು ಹೇಳುವುದಿಲ್ಲ, ಆದರೆ ಕೊಳ್ಳುವವರಿಗೆ ಉಪಯೋಗ ಆಗುವಷ್ಟು ಹೇಳುತ್ತೇನೆ.

ಇದರಲ್ಲಿ ಯಾರು ಯಾವಾಗ ಫೈಲ್ ತೆರೆದರು ಅಂತ ತೋರಿಸುವ ರಿಪೋರ್ಟ್ ಇದೆ. ಮೊದಲ ಸಲ ನೋಡಿದಾಗ ಇಬ್ಬರು ತೆರೆದೇ ಇರಲಿಲ್ಲ. ಇನ್ನೊಬ್ಬರು ಮೀಟಿಂಗ್ ದಿನ ಬೆಳಿಗ್ಗೆ 9:10ಕ್ಕೆ ತೆರೆದಿದ್ದರು. ಡೈರೆಕ್ಟರುಗಳಿಗೆ ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಕೇಳೋಕಾಗುತ್ತಾ? ಚೇರ್ಮನ್ ಒಬ್ಬರಿಗೇ ತೋರಿಸಿದೆ. ಅವರು ನಕ್ಕು, "ಮುನ್ನೂರು ಪುಟ ಕೊಟ್ರೆ ಯಾರು ಓದ್ತಾರಮ್ಮ?" ಎಂದರು.

ಅಂದಿನಿಂದ ಪ್ರತಿ ವಿಷಯದ ಮೇಲೂ ಒಂದೇ ಪುಟದ ಟಿಪ್ಪಣಿ ಹಾಕುತ್ತೇನೆ. ಏನು ತೀರ್ಮಾನ ಬೇಕು, ದುಡ್ಡು ಎಷ್ಟು, ಬೇಡ ಅಂದರೆ ಏನಾಗುತ್ತದೆ, ಅಷ್ಟೇ. ಅಜೆಂಡಾ ತಿರುಗುಮುರುಗಾಯಿತು. ಮೊದಲು ಹಿಂದಿನ ತ್ರೈಮಾಸಿಕದ ಲೆಕ್ಕ ಓದುವುದರಲ್ಲೇ ಎರಡು ಗಂಟೆ ಹೋಗುತ್ತಿತ್ತು. ಹೊಸ ಮೆಷಿನ್ ಕೊಳ್ಳುವ ಮಾತು ಬರುವ ಹೊತ್ತಿಗೆ ಪಕ್ಕದ ಕೋಣೆಯಿಂದ ಬಿಸಿಬೇಳೆಬಾತಿನ ವಾಸನೆ ಬರುತ್ತಿತ್ತು. ಕೋಟಿಗಟ್ಟಲೆ ಖರ್ಚು ಐದು ನಿಮಿಷದಲ್ಲಿ ಪಾಸ್! ಈಗ ಮೆಷಿನ್ ಮೊದಲು, ಲೆಕ್ಕ ಆಮೇಲೆ. ಹೀಗೆ ಮಾಡಿದ ಮೊದಲ ಸಲವೇ ಮಂಗಳೂರಿನವರು ಕೇಳಿದರು: "ಈಗಿರುವ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ನಡೆಸುವ ಯಂತ್ರ) ದಿನಕ್ಕೆ ಎಷ್ಟು ಗಂಟೆ ಓಡುತ್ತದೆ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ವಿಷಯ ಮುಂದಿನ ಮೀಟಿಂಗಿಗೆ ಹೋಯಿತು. ವಿಚಾರಿಸಿದರೆ, ಎರಡನೇ ಪಾಳಿಗೆ ಆಪರೇಟರುಗಳೇ ಸಾಲದೆ ಮೆಷಿನ್ ಸುಮ್ನೆ ನಿಂತಿರುತ್ತಿತ್ತು. ಎರಡು ಕೊಳ್ಳಬೇಕು ಅಂತಿದ್ದವರು ಒಂದೇ ಕೊಂಡರು.

ಮಿನಿಟ್ಸ್, ಅಂದರೆ ಮೀಟಿಂಗಿನ ನಡಾವಳಿ ಬರೆಯುವ ವಿಷಯದಲ್ಲೂ ಅನುಕೂಲ ಇದೆ. ಕರಡನ್ನು ಮೀಟಿಂಗ್ ಮುಗಿದ 15 ದಿನದೊಳಗೆ ಕಳಿಸಬೇಕು, ತಿದ್ದುಪಡಿ ಹೇಳಲು ಡೈರೆಕ್ಟರುಗಳಿಗೆ 7 ದಿನ. ಮುಂಚೆ ಒಬ್ಬರು ವಾಟ್ಸಾಪಿನಲ್ಲಿ, ಒಬ್ಬರು ಫೋನಿನಲ್ಲಿ ಹೇಳುತ್ತಿದ್ದರು. ಈಗ ಎಲ್ಲ ಒಂದೇ ಕಡೆ. ತಾನೇ ಮಿನಿಟ್ಸ್ ಬರೆಯುವ ಎಐ ಕೂಡ ಕೊಟ್ಟಿದ್ದಾರೆ. ನಮ್ಮ ಮಾತು ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಅದು ಬರೆದದ್ದು ಎರಡೂ ಅಲ್ಲ. ಆಫ್ ಮಾಡಿಟ್ಟಿದ್ದೇನೆ.

ಇನ್ನು ವಿಡಿಯೊ. ವಿಡಿಯೊದಲ್ಲಿ ಸೇರುವ ಡೈರೆಕ್ಟರ್ ತನ್ನ ಹೆಸರು, ಎಲ್ಲಿದ್ದೇನೆ, ಅಜೆಂಡಾ ಸಿಕ್ಕಿದೆ, ಜೊತೆಯಲ್ಲಿ ಬೇರೆ ಯಾರೂ ಇಲ್ಲ ಅಂತ ಬಾಯಿಬಿಟ್ಟು ಹೇಳಬೇಕು ಅನ್ನುತ್ತದೆ ನಿಯಮ. ಆ್ಯಪಿನಲ್ಲಿ ಇರುವುದು ಬರೀ "ಹಾಜರ್" ಬಟನ್. ಒಮ್ಮೆ ಒಬ್ಬರು ಕಾರಿನಿಂದ ಸೇರಿ "ಬೇರೆ ಯಾರೂ ಇಲ್ಲ" ಅನ್ನುವಾಗ ಮುಂದಿನ ಸೀಟಿನಲ್ಲಿ ಡ್ರೈವರ್ ತಲೆ ಕಾಣುತ್ತಿತ್ತು! ಗಾಡಿ ನಿಲ್ಲಿಸಿ, ಡ್ರೈವರನ್ನು ಟೀ ಕುಡಿಯಲು ಕಳಿಸಿದ ಮೇಲೆಯೇ ಶುರು ಮಾಡಿದ್ದು.

ಸಿಟ್ಟು ಬರಿಸಿದ್ದು ಇನ್ನೊಂದು. ಮೀಟಿಂಗ್ ಮುಗಿಸಿ ಕಡತ ಮುಚ್ಚಿದರೆ ಡೈರೆಕ್ಟರುಗಳು ಅಂಚಿನಲ್ಲಿ ಬರೆದುಕೊಂಡ ಟಿಪ್ಪಣಿಗಳೂ ಅಳಿಸಿಹೋಗುತ್ತವೆ. ಆ್ಯಪ್ ಮಾರುವಾಗ ಇದನ್ನು ಯಾರೂ ಹೇಳಲಿಲ್ಲ. ನಮ್ಮ ಹಿರಿಯ ಡೈರೆಕ್ಟರ್ ಒಂದು ವರ್ಷದ ಟಿಪ್ಪಣಿ ಕಳೆದುಕೊಂಡು ಮತ್ತೆ ಕಾಗದಕ್ಕೇ ವಾಪಸ್ ಹೋದರು. ತಲೆಗಿಷ್ಟು ಅಂತ ದುಡ್ಡು ಬೇರೆ. ಅರ್ಧ ಗಂಟೆ ಬಂದು ಹೋಗುವ ಆಡಿಟರಿಗೂ ಒಂದು ಲೈಸೆನ್ಸ್ ಬೇಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಇಬ್ಬರು ಮೂವರೇ ಡೈರೆಕ್ಟರುಗಳಿದ್ದರೆ ಇದು ಬೇಡ, ಪಾಸ್‌ವರ್ಡ್ ಹಾಕಿದ ಒಂದು ಫೋಲ್ಡರ್ ಸಾಕು. ನಾವು ಈ ವರ್ಷವೂ ರಿನ್ಯೂ ಮಾಡಿದ್ದೇವೆ, ಹಿರಿಯರ ಲಾಗಿನ್ ಒಂದನ್ನು ಬಿಟ್ಟು. ಅವರ ಸೆಟ್ ನಾಳೆ ಬೈಂಡಿಂಗಿಗೆ ಕೊಡಬೇಕು.