ತೋಟ ಇದೆ ಅಂತ ಬಾರ್ಡರ್ ಕೋಲಿ ತರಬೇಡಿ

ಕೊಡಗಿನಲ್ಲಿ ತೋಟ ಇರುವವರು ಯಾರಾದರೂ ಬಾರ್ಡರ್ ಕೋಲಿ ಜಾತಿಯ ನಾಯಿಮರಿಗೆ ಅಡ್ವಾನ್ಸ್ ಹಾಕಲು ಹೊರಟಿದ್ದರೆ, ದಯವಿಟ್ಟು ಇದನ್ನು ಓದಿ ಆಮೇಲೆ ಹಾಕಿ. ನಾನು ಸರಿಯಾಗಿ ವಿಚಾರಿಸದೆ ಹಾಕಿದೆ. ಅದಕ್ಕೆ ನೋವು ತಿಂದದ್ದು ನಮ್ಮ ಲೈನ್ ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, 6 ವರ್ಷದ ಒಬ್ಬ ಹುಡುಗ, ಮತ್ತು ಆ ನಾಯಿ.

ನಮ್ಮದು ಸುಂಟಿಕೊಪ್ಪದಿಂದ ಸ್ವಲ್ಪ ಒಳಗೆ 12 ಎಕರೆ ರೊಬಸ್ಟಾ ಕಾಫಿ ತೋಟ. ಮನೆಯಲ್ಲಿ ಅವ್ವ, ನಾನು, ಹೆಂಡತಿ, ಮಗಳು. ಹಳೇ ನಾಯಿ ಸತ್ತು ಒಂದು ವರ್ಷ ಆಗಿತ್ತು. ಮಗಳು ಫೋನಿನಲ್ಲಿ ಕಪ್ಪು ಬಿಳಿ ಕೋಲಿಗಳ ವಿಡಿಯೊ ನೋಡಿ ನೋಡಿ ಅದೇ ಬೇಕು ಅಂತ ಹಟ ಹಿಡಿದಿದ್ದಳು. ನನಗೂ ಆಸೆಯಾಯಿತು. ತುಂಬಾ ಬುದ್ಧಿವಂತ ತಳಿ ಅಂತ ಎಲ್ಲ ಕಡೆ ಬರೆದಿರುತ್ತಾರೆ. ತುಂಬಾ ಓಡಾಟ ಬೇಕು ಅಂತಲೂ ಬರೆದಿರುತ್ತಾರೆ. ನಮಗೇನು, 12 ಎಕರೆ ಇದೆಯಲ್ಲ, ಓಡಾಡಿಕೊಂಡಿರಲಿ ಅಂದುಕೊಂಡೆ. ನಾನು ಎಡವಿದ್ದು ಅಲ್ಲೇ.

ಮಾರಿದವನು ಬೆಂಗಳೂರಿನ ಕಡೆಯವನು. "ಫ್ಯಾಮಿಲಿ ಡಾಗ್ ಸಾರ್, ಮಕ್ಕಳ ಜೊತೆ ಮಗು ಥರಾ ಇರುತ್ತೆ, ಎಸ್ಟೇಟ್‌ಗೆ ಹೇಳಿ ಮಾಡಿಸಿದ ಜಾತಿ" ಅಂದ. 38 ಸಾವಿರ ರೂಪಾಯಿ. ಅದರಲ್ಲಿ 10 ಸಾವಿರ ಮುಂಚೆಯೇ ಕೊಡಬೇಕು. ತಾಯಿ ನಾಯಿ ನೋಡಬಹುದಾ ಅಂತ ಕೇಳಿದರೆ, "ಅದು ಫಾರ್ಮ್‌ನಲ್ಲಿದೆ, ಹೊರಗಿನವರು ಹೋದ್ರೆ ಇನ್‌ಫೆಕ್ಷನ್ ಆಗುತ್ತೆ" ಅಂದ. ಮೇ ತಿಂಗಳಲ್ಲಿ ಮೈಸೂರು ರಿಂಗ್ ರಸ್ತೆಯ ಬದಿಯಲ್ಲಿ ಕಾರು ನಿಲ್ಲಿಸಿಕೊಂಡು, ಸೇಬಿನ ರಟ್ಟಿನ ಡಬ್ಬದಲ್ಲಿ ಮರಿ ಕೊಟ್ಟು ಹೋದ. ಶುದ್ಧ ತಳಿ ಅನ್ನುವ ಕೆನೆಲ್ ಕ್ಲಬ್ ಕಾಗದ ಮುಂದಿನ ತಿಂಗಳು ಬರುತ್ತದೆ ಅಂದಿದ್ದ. ಮುಂದಿನ ತಿಂಗಳು ಅವನ ಫೋನೇ ಹೋಗಲಿಲ್ಲ.

45 ದಿನದ ಮರಿ ಅಂತ ಹೇಳಿದ್ದ. ನಮ್ಮ ಪಶುವೈದ್ಯರು ಹಲ್ಲು ನೋಡಿ, 40 ದಿನವೂ ಆಗಿರಲಿಕ್ಕಿಲ್ಲ ಅಂದರು. 2017ರ ಕೇಂದ್ರ ಸರ್ಕಾರದ ನಿಯಮದಲ್ಲಿ 8 ವಾರ, ಅಂದರೆ 56 ದಿನ ತುಂಬದ ಮರಿಯನ್ನು ಮಾರುವಂತೆಯೇ ಇಲ್ಲ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. 45 ದಿನ ಅಂತ ಅವನೇ ಬಾಯಿಬಿಟ್ಟಾಗ ನಾನು ವಾಪಸ್ ಬರಬೇಕಿತ್ತು. ಹಲ್ಲು ಎಷ್ಟು ಊರಬಹುದು, ಎಷ್ಟು ಊರಿದರೆ ಎದುರಿನವರಿಗೆ ನೋವಾಗುತ್ತದೆ ಅನ್ನುವುದನ್ನು ಮರಿ ಕಲಿಯುವುದು ತಾಯಿ ಮತ್ತು ಜೊತೆಮರಿಗಳ ನಡುವೆ ಇದ್ದಾಗ. ನಮ್ಮ ಮರಿಗೆ ಆ ಪಾಠ ಅರ್ಧಕ್ಕೇ ನಿಂತಿತ್ತು.

ಚುಕ್ಕಿ ಅಂತ ಹೆಸರಿಟ್ಟದ್ದು ಅವ್ವ. ಮೂಗಿನ ಮೇಲಿನ ಬಿಳಿಯಲ್ಲಿ ಒಂದೇ ಒಂದು ಕರಿ ಚುಕ್ಕಿ ಇತ್ತು. ಮೊದಲ ನಾಲ್ಕು ತಿಂಗಳು ಮನೆಯಲ್ಲಿ ಹಬ್ಬ. ಎರಡೇ ದಿನದಲ್ಲಿ ಕೂರುವುದು ಕಲಿತಳು. ಹೆಸರು ಹೇಳಿದರೆ ಯಾರ ಚಪ್ಪಲಿ ಅಂತ ಗುರುತಿಸಿ ತರುತ್ತಿದ್ದಳು.

ಆಮೇಲೆ ಅವಳ ನೋಟ ಬದಲಾಯಿತು. ಅಂಗಳದಲ್ಲಿ ಕೋಳಿ ಎದುರಾದರೆ ತಲೆಯನ್ನು ಭುಜಕ್ಕಿಂತ ಕೆಳಗೆ ಇಳಿಸುತ್ತಿದ್ದಳು. ಒಂದು ಮುಂಗಾಲು ಅರ್ಧ ಎತ್ತಿ ಹಾಗೇ ನಿಲ್ಲುತ್ತಿದ್ದಳು. ಕಣ್ಣು ಮಿಟುಕಿಸುತ್ತಿರಲಿಲ್ಲ. ಕರೆದರೆ ಕಿವಿ ಕೂಡ ಅಲುಗುತ್ತಿರಲಿಲ್ಲ. ಕೋಳಿ ಒಂದು ಹೆಜ್ಜೆ ಇಟ್ಟರೆ ಇವಳೂ ಒಂದು ಹೆಜ್ಜೆ. ಯಾರೂ ಹೇಳಿಕೊಡದೆ ಕಲಿತಿದ್ದಾಳೆ ಅಂತ ನಾವೆಲ್ಲ ಹೆಮ್ಮೆಪಟ್ಟು ವಿಡಿಯೊ ಮಾಡಿದೆವು. ಅವ್ವ ಒಬ್ಬರೇ, "ಅದರ ಕಣ್ಣು ನನಗೆ ಸರಿ ಕಾಣ್ತಿಲ್ಲ ಮಗಾ" ಅಂದಿದ್ದರು.

ಕೋಳಿ ಆದ ಮೇಲೆ ಹಸು. ಮೇಯಲು ಬಿಟ್ಟ ಹಸುವನ್ನು ಬೇಲಿಯ ಮೂಲೆಗೆ ಒತ್ತಿ ನಿಲ್ಲಿಸಿಬಿಡುತ್ತಿದ್ದಳು. ಅಲುಗಲು ಬಿಡುತ್ತಿರಲಿಲ್ಲ. ಹೊತ್ತಿಗೆ 4 ಲೀಟರ್ ಹಾಲು ಕೊಡುತ್ತಿದ್ದ ಹಸು 2ಕ್ಕೆ ಇಳಿಯಿತು. ಹಸು ಆದ ಮೇಲೆ ಜೀಪು. ತಿರುವಿನಲ್ಲಿ ಕಾಫಿ ಗಿಡದ ಸಂದಿಯಿಂದ ಬಾಣದ ಹಾಗೆ ಬಂದು ಮುಂದಿನ ಚಕ್ರಕ್ಕೇ ಬಾಯಿ ಹಾಕುತ್ತಿದ್ದಳು. ಎರಡು ಸಲ ಸ್ವಲ್ಪದರಲ್ಲಿ ಉಳಿದಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಕುರಿ ನಾಯಿ ಅಂದರೆ ನಮಗೆ ಬಯಲುಸೀಮೆಯ ಕುರಿಗಾಹಿಗಳ ಜೊತೆ ಹೋಗುವ ನಾಯಿ ನೆನಪಾಗುತ್ತದೆ. ಅದು ಕಾಯುವ ನಾಯಿ. ಮಂದೆಯ ಪಕ್ಕ ಮಲಗಿರುತ್ತದೆ, ತೋಳ ಬಂದರೆ ಎದ್ದು ಬೊಗಳುತ್ತದೆ. ಬಾರ್ಡರ್ ಕೋಲಿ ಅಟ್ಟುವ ನಾಯಿ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವಿನ ಗಡಿಯ ತಳಿ, ಹೆಸರಿನಲ್ಲಿರುವ ಬಾರ್ಡರ್ ಅದೇ. 1893ರಲ್ಲಿ ನಾರ್ತಂಬರ್‌ಲೆಂಡ್‌ನ ಆಡಂ ಟೆಲ್ಫರ್ ಅನ್ನುವವರ ಬಳಿ ಓಲ್ಡ್ ಹೆಂಪ್ ಎಂಬ ಗಂಡು ನಾಯಿ ಹುಟ್ಟಿತು. ಅದು ಗಲಾಟೆ ಮಾಡದೆ, ಬರೀ ದಿಟ್ಟಿಸಿ ಕುರಿಗಳನ್ನು ಸರಿಸುತ್ತಿತ್ತಂತೆ. ಇವತ್ತಿನ ಬಾರ್ಡರ್ ಕೋಲಿಗಳ ಮೂಲಪುರುಷ ಅಂತ ಅದನ್ನೇ ಹೇಳುತ್ತಾರೆ. ಆ ದಿಟ್ಟಿ ಇರುವ ನಾಯಿಗಳನ್ನೇ ಆರಿಸಿ ಆರಿಸಿ ನೂರು ವರ್ಷಕ್ಕಿಂತ ಜಾಸ್ತಿ ಮರಿ ಮಾಡಿಸಿದ್ದಾರೆ.

ಪಶುವೈದ್ಯರು ನನಗೆ ಅರ್ಥ ಮಾಡಿಸಿದ್ದು ಹೀಗೆ. ತೋಳ ಬೇಟೆಗೆ ಹೋದಾಗ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕಚ್ಚುತ್ತದೆ, ಕೊಲ್ಲುತ್ತದೆ. ಈ ತಳಿಯಲ್ಲಿ ಮೊದಲ ಮೂರನ್ನು ಹೆಚ್ಚಿಸಿ ಕೊನೆಯದನ್ನು ತೆಗೆದಿದ್ದಾರೆ. ಕಚ್ಚುವುದು ಪೂರ್ತಿ ಹೋಗಿಲ್ಲ. ಹಟ ಮಾಡುವ ಕುರಿಗೆ ಒಂದು ಸಣ್ಣ ಕಡಿತ ಅಂತ ಉಳಿದುಕೊಂಡಿದೆ. ಅಲ್ಲಿ ಕುರಿಗಾಹಿಯ ಸೀಟಿ ಇರುತ್ತದೆ. ಬಲಕ್ಕೆ ಹೋಗು, ಎಡಕ್ಕೆ ಹೋಗು, ಮಲಗು, ಇನ್ನು ಸಾಕು ಬಾ. ನಮ್ಮ ತೋಟದಲ್ಲಿ ಸಾಕು ಬಾ ಅನ್ನುವವರು ಯಾರೂ ಇರಲಿಲ್ಲ. ನಾನು ಅವಳಿಗೆ ಜಾಗ ಕೊಟ್ಟಿದ್ದೆ, ಕೆಲಸ ಕೊಟ್ಟಿರಲಿಲ್ಲ. ಅವಳ ಕೆಲಸವನ್ನು ಅವಳೇ ಹುಡುಕಿಕೊಂಡಳು.

ಜನವರಿ, ಕುಯ್ಲಿನ ಸಮಯ. ಸಂಜೆ ನಾಲ್ಕೂವರೆಗೆ ಕಣದಲ್ಲಿ ತೂಕ ಹಾಕುತ್ತಿದ್ದೆವು. ಹೆಂಗಸರು ಹಣ್ಣಿನ ಚೀಲ ಇಳಿಸುತ್ತಿದ್ದರು, ಲೈನ್ ಮಕ್ಕಳು ಕಣದ ತುಂಬಾ ಓಡಾಡುತ್ತಿದ್ದರು. ನಾನು ಪುಸ್ತಕದಲ್ಲಿ ಕೆ.ಜಿ. ಬರೆಯುತ್ತಿದ್ದೆ. ಮಕ್ಕಳ ಗಲಾಟೆ ಒಮ್ಮೆಲೇ ನಿಂತಿತು. ತಲೆ ಎತ್ತಿದರೆ ಐದು ಮಕ್ಕಳು ಗೋದಾಮಿನ ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ. ಎದುರಿಗೆ ಚುಕ್ಕಿ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ಬಗ್ಗಿ, ಆ ಕಡೆಯಿಂದ ಈ ಕಡೆಗೆ ಅರ್ಧಚಂದ್ರ ಹಾಕುತ್ತಿದ್ದಾಳೆ. ನಾನು ಕೂಗುವ ಹೊತ್ತಿಗೆ ಚಿಕ್ಕ ಹುಡುಗ ಹೆದರಿ ಅಮ್ಮನ ಕಡೆಗೆ ಓಡಿದ. ಅವಳು ಬೊಗಳಲಿಲ್ಲ, ಗುರ್ ಅನ್ನಲೂ ಇಲ್ಲ. ಹಿಂದಿನಿಂದ ಹೋಗಿ ಹಿಮ್ಮಡಿಯ ಮೇಲೆ ಒಂದೇ ಸಲ ಹಿಡಿದು ಬಿಟ್ಟಳು. ಬಿಟ್ಟು ಮತ್ತೆ ಮಲಗಿ ನನ್ನ ಮುಖ ನೋಡಿದಳು. ಮುಂದೇನು ಅಂತ ಕೇಳುವ ಹಾಗೆ.

ಎರಡು ಹಲ್ಲಿನ ಗುರುತು, ರಕ್ತ. ನಲ್ಲಿಯ ಕೆಳಗೆ ಕಾಲಿಟ್ಟು ಸೋಪು ಹಾಕಿ 15 ನಿಮಿಷ ತೊಳೆದೆವು. ಚುಕ್ಕಿಗೆ ರೇಬಿಸ್ ಲಸಿಕೆ ಆಗಿತ್ತು, ಆದರೂ ಅದನ್ನು ನಂಬಿ ಕೂರಬಾರದು. ಅವತ್ತೇ ಮಡಿಕೇರಿಗೆ ಕರೆದುಕೊಂಡು ಹೋದೆ. ರಕ್ತ ಬಂದಿದ್ದರಿಂದ ಗಾಯದ ಸುತ್ತ ಬೇರೆ ಔಷಧ ಚುಚ್ಚಿದರು. ಲಸಿಕೆ ಅವತ್ತು ಒಂದು, ಆಮೇಲೆ 3, 7 ಮತ್ತು 28ನೇ ದಿನ. ನಾಲ್ಕೂ ಸಲ ನಾನೇ ಜೀಪಿನಲ್ಲಿ ಕರೆದುಕೊಂಡು ಹೋದೆ. ಮೊದಲ ದಿನ ದಾರಿಯಲ್ಲಿ ಅವನ ಅಮ್ಮ ಒಂದೇ ಮಾತು ಕೇಳಿದರು. "ಅಣ್ಣ, ನಿಮ್ಮ ನಾಯಿ ನನ್ನ ಮಗನನ್ನ ದನ ಅಂದ್ಕೊಂಡಿದ್ಯಾ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾಕೆಂದರೆ ನಡೆದದ್ದು ಅದೇ.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಸಿಲ್ವರ್ ಓಕ್ ಮರಕ್ಕೆ ಸರಪಳಿ ಹಾಕಿ ಕಟ್ಟಿದೆ. ಹನ್ನೊಂದು ದಿನ. ನಾಲ್ಕನೇ ದಿನವೇ ಅವಳು ನೆರಳು ಹಿಡಿಯಲು ಶುರುಮಾಡಿದಳು. ಬೆಳಿಗ್ಗೆ ಎಲೆಗಳ ಸಂದಿಯಿಂದ ಬಿಸಿಲಿನ ಚೂರು ನೆಲಕ್ಕೆ ಬೀಳುತ್ತದಲ್ಲ, ಅದನ್ನು ದಿಟ್ಟಿಸುವುದು, ಹಾರುವುದು, ಮಣ್ಣು ಕೆರೆಯುವುದು. ಬಿಸಿಲು ಹೋಗುವವರೆಗೂ ಅದೇ. ತಟ್ಟೆಯಲ್ಲಿ ಅನ್ನ ಒಣಗುತ್ತಿತ್ತು. ಉಗುರಿನ ಬುಡದಲ್ಲಿ ರಕ್ತ ಬಂದರೂ ನಿಲ್ಲಿಸುತ್ತಿರಲಿಲ್ಲ. ಕೋಲಿಗಳನ್ನು ಕೆಲಸವಿಲ್ಲದೆ ಕಟ್ಟಿಹಾಕಿದರೆ ಹೀಗಾಗುವುದುಂಟು, ಒಮ್ಮೆ ಗಟ್ಟಿಯಾದರೆ ಬಿಡಿಸುವುದು ಕಷ್ಟ ಅಂತ ಪಶುವೈದ್ಯರು ಬೈದರು. ಬೈಸಿಕೊಳ್ಳಬೇಕಾದದ್ದೇ.

ಸರಪಳಿ ಬಿಚ್ಚಿ, ಬೆಳಿಗ್ಗೆ ಸಂಜೆ ಉದ್ದ ಹಗ್ಗದಲ್ಲಿ ಕರೆದೊಯ್ದು, ವಸ್ತು ಬಚ್ಚಿಟ್ಟು ಹುಡುಕಿಸುವುದು, ನಿಲ್ಲು ಅಂದ ಕಡೆ ನಿಲ್ಲುವುದು, ಹೀಗೆ ತಲೆಗೆ ಕೆಲಸ ಕೊಡಲು ಶುರುಮಾಡಿದೆವು. ನಿಜವಾಗಿ ಸುಧಾರಿಸಿದಳು. ಆದರೆ ದಿನಕ್ಕೆ ಎರಡು ಗಂಟೆ ಬೇಕು, ಒಂದು ದಿನವೂ ತಪ್ಪುವಂತಿಲ್ಲ. ಕುಯ್ಲು, ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್, ಆಮೇಲೆ ಜೂನ್‌ನಿಂದ ಬಿಡದ ಮಳೆ. ನಮ್ಮಿಂದ ಆಗಲಿಲ್ಲ. ಮೈಸೂರಿನ ಕಡೆ ಇದೇ ತಳಿಯ ಇನ್ನೊಂದು ನಾಯಿ ಸಾಕಿ, ದಿನಾ ತರಬೇತಿ ಕೊಡುವ ಒಂದು ಮನೆಗೆ ಮಾರ್ಚ್‌ನಲ್ಲಿ ಕೊಟ್ಟೆವು. ಮಗಳು ಎರಡು ದಿನ ಊಟ ಬಿಟ್ಟಳು. ಲೈನ್‌ನ ಆ ಹುಡುಗ ಈಗಲೂ ನಾಯಿ ಕಂಡರೆ ಜಗಲಿ ಹತ್ತಿ ನಿಲ್ಲುತ್ತಾನೆ.

ಕೊಡಗಿನವರು ಇನ್ನೂ ಒಂದೆರಡು ಯೋಚಿಸಬೇಕು. ಕಾಡಾನೆ ಓಡಾಡುವ ಸಿದ್ದಾಪುರದ ಕಡೆಯವರಿಗೆ ನಾನು ಹೇಳಬೇಕಿಲ್ಲ, ಆನೆಯ ಮೇಲೆ ನುಗ್ಗಿದ ನಾಯಿ ವಾಪಸ್ ಓಡಿಬರುವುದು ನಮ್ಮ ಕಾಲಬುಡಕ್ಕೇ, ಹಿಂದೆ ಆನೆ. ಅಟ್ಟುವುದೇ ಗುಣವಾದ ನಾಯಿಯನ್ನು ಬೇಲಿಯಿಲ್ಲದ ತೋಟದಲ್ಲಿ ಬಿಡುವುದು ಅಂದರೆ ಅದು. ಚಿರತೆಯ ಭಯ ಬೇರೆ. ದಟ್ಟ ಕೂದಲಿನ ನಾಯಿ ನಮ್ಮ ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಚುಕ್ಕಿಗೆ ಕಿವಿಯ ಹಿಂದೆ, ಹೊಟ್ಟೆಯಲ್ಲಿ ಹುಣ್ಣಾಗಿತ್ತು. ಜಿಗಣೆ, ಉಣ್ಣಿ ಲೆಕ್ಕವಿಲ್ಲ.

ಉಣ್ಣಿಗೆ ದನಕ್ಕೆ ಕೊಡುವ ಐವರ್‌ಮೆಕ್ಟಿನ್ ಸೂಜಿಯನ್ನೇ ನಾಯಿಗೂ ಹಾಕುವುದು ನಮ್ಮ ಕಡೆ ಇದೆ. ನಾನೂ ತಂದಿಟ್ಟಿದ್ದೆ. ಪಶುವೈದ್ಯರು ತಡೆದರು. ಕೋಲಿ ಜಾತಿಯ ನಾಯಿಗಳಲ್ಲಿ ಎಂಡಿಆರ್1 ಅನ್ನುವ ಜೀನಿನ ದೋಷ ಇದ್ದರೆ ಆ ಔಷಧ ಮೆದುಳಿಗೆ ಹೋಗಿ ಸೇರುತ್ತದೆ. ನಾಯಿ ತೂರಾಡುತ್ತದೆ, ಕುರುಡಾಗಬಹುದು, ಸಾಯಲೂಬಹುದು. ಉದ್ದ ಮೂಗಿನ ರಫ್ ಕೋಲಿಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಈ ದೋಷ ಇದೆ. ಆಸ್ಟ್ರೇಲಿಯನ್ ಶೆಫರ್ಡ್‌ನಲ್ಲೂ ಜಾಸ್ತಿ. ಬಾರ್ಡರ್ ಕೋಲಿಯಲ್ಲಿ ಕಡಿಮೆ, ಆದರೆ ಇಲ್ಲವೆಂದಲ್ಲ. ಕೋಲಿ ಇರುವ ಮನೆಯವರು ಡಾಕ್ಟರನ್ನು ಕೇಳದೆ ಆ ಸೂಜಿ ಮುಟ್ಟಬೇಡಿ.

ಹಾಗಾದರೆ ಯಾವುದು ತರಬಹುದು ಅಂತ ತುಂಬಾ ಜನ ಕೇಳಿದರು. ಬೆಲ್ಜಿಯನ್ ಮ್ಯಾಲಿನೋಯ್ ಬೇಡವೇ ಬೇಡ, ಅದು ಪೊಲೀಸು, ಅರೆಸೇನೆಯವರ ಕೈಯಲ್ಲಿ ದಿನವಿಡೀ ದುಡಿಯುವ ನಾಯಿ. ಕೋರ್ಗಿ ಕುಳ್ಳಗೆ ಮುದ್ದಾಗಿ ಕಾಣುತ್ತದೆ, ಆದರೆ ಅದು ದನದ ಹಿಮ್ಮಡಿ ಕಚ್ಚಿ ಅಟ್ಟುತ್ತಿದ್ದ ನಾಯಿ. ದನ ಒದ್ದರೆ ತಾಗದಿರಲಿ ಅಂತಲೇ ಆ ಕುಳ್ಳು ಮೈ. ಓಡುವ ಮಕ್ಕಳಿರುವ ಮನೆಗೆ ಅದೂ ಯೋಚಿಸಿ ತರಬೇಕು. ಜರ್ಮನ್ ಶೆಫರ್ಡ್ ಕೂಡ ಮೊದಲು ಕುರಿ ನಾಯಿಯೇ, ನಾವು ಮರೆತಿದ್ದೇವೆ ಅಷ್ಟೆ. ದಿನಾ ಒಂದೂವರೆ ಗಂಟೆ ಕೊಡಬಲ್ಲವರು, ತಂದೆ ತಾಯಿ ನಾಯಿಗಳ ಸೊಂಟದ ಎಕ್ಸ್‌ರೇ ನೋಡಿ ತರಲಿ. ನನ್ನನ್ನು ಕೇಳಿದರೆ ನಮ್ಮ ತೋಟಗಳಿಗೆ ನಮ್ಮ ನಾಡು ನಾಯಿಯೇ ಸರಿ. ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ, ಹಗಲು ಮಲಗುತ್ತದೆ, ರಾತ್ರಿ ಎಚ್ಚರ ಇರುತ್ತದೆ.

ನಮಗೆ ಮರಿ ಕೊಟ್ಟವನು ಮೊನ್ನೆ ಬೇರೆ ನಂಬರಿನಿಂದ ಹೊಸ ಫೋಟೊ ಹಾಕಿದ್ದಾನೆ. ಬೂದಿ ಬಣ್ಣದ ಮೇಲೆ ಕರಿ ಮಚ್ಚೆಯ ಮರಿಗಳು, ಮರ್ಲ್ ಅಂತ 60 ಸಾವಿರ ಹೇಳುತ್ತಿದ್ದಾನೆ, ತಂದೆ ತಾಯಿ ಎರಡೂ ಮರ್ಲ್ ಅಂತ ಬೇರೆ ಬರೆದಿದ್ದಾನೆ. ಎರಡೂ ಕಡೆಯಿಂದ ಆ ಬಣ್ಣ ಬಂದರೆ ನಾಲ್ಕರಲ್ಲಿ ಒಂದು ಮರಿಗೆ ಅದು ಜೋಡಿಯಾಗಿ ಸೇರುತ್ತದೆ, ಅಂಥ ಮರಿ ಕಿವುಡಾಗಿಯೋ ಕುರುಡಾಗಿಯೋ ಹುಟ್ಟಬಹುದು. ಆ ಫೋಟೊದ ಕೆಳಗೆ ಗೋಣಿಕೊಪ್ಪ, ಸೋಮವಾರಪೇಟೆಯವರು ಬೆಲೆ ಕೇಳಿದ್ದಾರೆ. ತಾಯಿಯನ್ನು ತೋರಿಸು ಅಂತ ಮೊದಲು ಕೇಳಿ. ತೋರಿಸದಿದ್ದರೆ ಒಂದು ರೂಪಾಯಿಯೂ ಹಾಕಬೇಡಿ.