ಟರ್ಬೊ, ಕೋಡ್‌ಬ್ಲಾಕ್ಸ್, ಐಡಲ್, ಥಾನಿ: ಕಂಪ್ಯೂಟರ್ ಸೈನ್ಸ್ ಲ್ಯಾಬ್‌ಗೆ ಯಾವುದು?

ಹನ್ನೊಂದು, ಹನ್ನೆರಡನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯ ಯಾವ ಬೋರ್ಡಿನದಾದರೂ ಮುಖ್ಯ ಭಾಗ ಹೆಚ್ಚುಕಡಿಮೆ ಒಂದೇ. ಸಂಖ್ಯಾ ಪದ್ಧತಿ, ಇಫ್–ಎಲ್ಸ್, ಲೂಪ್, ಫಂಕ್ಷನ್, ಸ್ಟ್ರಿಂಗ್, ಅರೇ ಅಥವಾ ಲಿಸ್ಟ್, ಸ್ಟ್ಯಾಕ್, ಫೈಲ್, ಕೊನೆಗೆ ಡೇಟಾಬೇಸ್‌ನ ಭಾಷೆ ಎಸ್‌ಕ್ಯೂಎಲ್. ವಿದ್ಯಾರ್ಥಿಗೆ ನಿಜವಾಗಿ ಏನು ಅರ್ಥವಾಗುತ್ತದೆ ಎನ್ನುವುದು ಮಾತ್ರ ಲ್ಯಾಬ್‌ನಲ್ಲಿ ಯಾವ ತಂತ್ರಾಂಶ ತೆರೆದಿದೆ ಎನ್ನುವುದರ ಮೇಲೆ ನಿಂತಿದೆ. ಬಹುಕಾಲ ಸಿ++ ಭಾಷೆಯ ಪಾಠ ನಡೆದ ಪಿಯು ಲ್ಯಾಬ್‌ಗಳ ಹಳೆಯ ಯಂತ್ರಗಳಲ್ಲಿ ಟರ್ಬೊ ಸಿ++ ಇನ್ನೂ ಉಳಿದಿದೆ. ಎನ್‌ಸಿಇಆರ್‌ಟಿ ಪುಸ್ತಕಗಳು, ಸಿಬಿಎಸ್‌ಇಯ ಕಂಪ್ಯೂಟರ್ ಸೈನ್ಸ್ ವಿಷಯ (ಸಂಕೇತ 083) ಎರಡೂ ಪೈಥಾನ್ ಭಾಷೆಯವು. ಹಾಗಾಗಿ ಸಿ++ಗೆ ಟರ್ಬೊ ಮತ್ತು ಕೋಡ್‌ಬ್ಲಾಕ್ಸ್, ಪೈಥಾನ್‌ಗೆ ಐಡಲ್ ಮತ್ತು ಥಾನಿ, ಪ್ರೋಗ್ರಾಂ ಬರೆದು ಓಡಿಸುವ ಈ ನಾಲ್ಕು ತಂತ್ರಾಂಶಗಳಲ್ಲೂ ಪಠ್ಯದ ಅವೇ ಅಭ್ಯಾಸಗಳನ್ನು ಓಡಿಸಿ ನೋಡಿದ ಹೋಲಿಕೆ ಇದು.

ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕಲಿಕೆ ಥಾನಿಯಲ್ಲಿ, ಪರೀಕ್ಷೆಯ ತಯಾರಿ ಐಡಲ್‌ನಲ್ಲಿ. ಸಿ++ ಕಡ್ಡಾಯವಿದ್ದರೆ ಕೋಡ್‌ಬ್ಲಾಕ್ಸ್. ಟರ್ಬೊವನ್ನು ಅಳಿಸಿದರೆ ನಷ್ಟವಿಲ್ಲ, ಒಂದು ಪಾಠದ ಹೊರತು.

ಆ ಒಂದು ಪಾಠ ಫ್ಯಾಕ್ಟೋರಿಯಲ್, ಅಂದರೆ 1ರಿಂದ ಕೊಟ್ಟ ಸಂಖ್ಯೆಯವರೆಗಿನ ಗುಣಲಬ್ಧ. ಪೂರ್ಣಾಂಕದ ಬಗೆಯಾದ ‘ಇಂಟ್’ ಬಳಸಿ ಬರೆದ ಒಂದೇ ಲೂಪನ್ನು ಎಲ್ಲ ಕಡೆ ಓಡಿಸಿ. 7 ಕೊಟ್ಟರೆ ಎಲ್ಲೆಡೆ 5040. 8 ಕೊಟ್ಟರೆ ಟರ್ಬೊದಲ್ಲಿ −25216 ಬರುತ್ತದೆ. ಅಲ್ಲಿ ಇಂಟ್‌ಗೆ 2 ಬೈಟ್ ಮಾತ್ರ, ಗರಿಷ್ಠ 32767. ಸರಿಯುತ್ತರ 40320 ಆ ಮಿತಿಯನ್ನು ದಾಟುತ್ತದೆ, 65536 ಕಳೆದು ಉಳಿದದ್ದು ಪರದೆಗೆ ಬರುತ್ತದೆ. 18 ಕೊಟ್ಟರಂತೂ ನೇರವಾಗಿ 0. ಕೋಡ್‌ಬ್ಲಾಕ್ಸ್‌ನಲ್ಲಿ ಇಂಟ್‌ಗೆ 4 ಬೈಟ್ ಇರುವುದರಿಂದ 12ರ ತನಕ ಸರಿ. 13ಕ್ಕೆ 6227020800 ಬರಬೇಕಿದ್ದಲ್ಲಿ 1932053504 ಬರುತ್ತದೆ. ಇದು ಟರ್ಬೊದ ಉತ್ತರಕ್ಕಿಂತ ಅಪಾಯಕಾರಿ, ಏಕೆಂದರೆ ಋಣ ಚಿಹ್ನೆಯಿಲ್ಲ, ನೋಡಲು ಸರಿಯಾದ ಉತ್ತರದಂತೆಯೇ ಇದೆ. ಪೈಥಾನ್‌ನಲ್ಲಿ 50 ಕೊಟ್ಟರೂ ಪೂರ್ಣ ಸಂಖ್ಯೆ ಸಿಗುತ್ತದೆ, ಪೂರ್ಣಾಂಕಕ್ಕೆ ಅಲ್ಲಿ ನಿಗದಿತ ಬೈಟುಗಳ ಮಿತಿಯಿಲ್ಲ. ಬೈಟು, ಟೂಸ್ ಕಾಂಪ್ಲಿಮೆಂಟ್ (ಋಣ ಸಂಖ್ಯೆಯನ್ನು ಬಿಟ್‌ಗಳಲ್ಲಿ ಬರೆಯುವ ರೀತಿ) ಎಂದು ಬೋರ್ಡಿನ ಮೇಲೆ ಬರೆದದ್ದು ಕಣ್ಣಿಗೆ ಕಾಣಬೇಕಿದ್ದರೆ ಪೈಥಾನ್ ಸಹಾಯ ಮಾಡುವುದಿಲ್ಲ. ಪೈಥಾನ್ ತರಗತಿಯಲ್ಲೂ ಈ ಒಂದು ಪೀರಿಯಡ್‌ಗೆ ಸಿ++ ತೆರೆಯುವುದು ಸಾರ್ಥಕ.

ಭಾಗಾಕಾರದಲ್ಲೂ ಇಂಥದ್ದೇ ವ್ಯತ್ಯಾಸ. 35, 40, 41 ಅಂಕಗಳ ಸರಾಸರಿಯನ್ನು ಇಂಟ್‌ಗಳಲ್ಲಿ ಲೆಕ್ಕ ಹಾಕಿದರೆ ಸಿ++ 38 ಎನ್ನುತ್ತದೆ, ಪೈಥಾನ್ 38.66… ಕೊಡುತ್ತದೆ. ಸಿ++ನಲ್ಲಿ 3ರ ಬದಲು 3.0 ಬರೆದರೆ ಸಾಕು. ಋಣ ಸಂಖ್ಯೆ ಬಂದಾಗ ಗೊಂದಲ ಹೆಚ್ಚು: −7ನ್ನು 2ರಿಂದ ಭಾಗಿಸಿದ ಶೇಷ ಪೈಥಾನ್‌ನಲ್ಲಿ 1, ಸಿ++ನಲ್ಲಿ −1. ‘ಶೇಷ 1 ಆದರೆ ಬೆಸ’ ಎಂದು ಬರೆದ ಪ್ರೋಗ್ರಾಂ ಸಿ++ನಲ್ಲಿ −7ನ್ನು ಸಮಸಂಖ್ಯೆ ಎಂದು ಘೋಷಿಸುತ್ತದೆ. ‘ಶೇಷ 0 ಅಲ್ಲದಿದ್ದರೆ ಬೆಸ’ ಎಂದು ಕಲಿಸಿದರೆ ಎರಡೂ ಕಡೆ ನಡೆಯುತ್ತದೆ.

ಟರ್ಬೊ ಮತ್ತು ಕೋಡ್‌ಬ್ಲಾಕ್ಸ್

ಟರ್ಬೊ ಡಾಸ್ ಕಾಲದ 16 ಬಿಟ್ ತಂತ್ರಾಂಶ. 64 ಬಿಟ್ ವಿಂಡೋಸ್‌ನಲ್ಲಿ ನೇರ ಓಡುವುದಿಲ್ಲ, ಹಳೆಯ ಡಾಸ್ ವಾತಾವರಣವನ್ನು ಅನುಕರಿಸುವ ಡಾಸ್‌ಬಾಕ್ಸ್ ಬೇಕು. ಅಲ್ಲೇ ದೊಡ್ಡ ಹೊಂಡವಿದೆ: ಟರ್ಬೊದಲ್ಲಿ ಪ್ರೋಗ್ರಾಂ ಓಡಿಸುವ ಕೀಲಿ ಕಂಟ್ರೋಲ್–ಎಫ್9, ಡಾಸ್‌ಬಾಕ್ಸ್‌ನಲ್ಲಿ ಅದೇ ಕೀಲಿ ಡಾಸ್‌ಬಾಕ್ಸನ್ನೇ ಮುಚ್ಚುತ್ತದೆ. ಉಳಿಸದ ಕೆಲಸವೆಲ್ಲ ಹೋಗುತ್ತದೆ. ಕೆಲವು ಸಿದ್ಧ ಪ್ಯಾಕೇಜುಗಳಲ್ಲಿ ಇದನ್ನು ಬದಲಿಸಿರುತ್ತಾರೆ, ಎಲ್ಲದರಲ್ಲೂ ಅಲ್ಲ. ಮೊದಲು ಎಫ್2 ಒತ್ತಿ ಉಳಿಸಿ, ಆಮೇಲೆ ಆಲ್ಟ್–ಆರ್ ಒತ್ತಿ ಮೆನುವಿನಿಂದ ರನ್ ಮಾಡುವುದು ಸುರಕ್ಷಿತ. ಕಂಟ್ರೋಲ್–ಎಫ್1 ಒತ್ತಿದರೆ ಡಾಸ್‌ಬಾಕ್ಸ್‌ನ ಕೀಲಿ ಬದಲಿಸುವ ಪರದೆ ಬರುತ್ತದೆ, ಶಾಶ್ವತ ಪರಿಹಾರ ಅಲ್ಲಿದೆ. ಮೌಸ್ ಒಳಗೆ ಸಿಕ್ಕಿಕೊಂಡರೆ ಕಂಟ್ರೋಲ್–ಎಫ್10. ಹೆಡರ್ ಫೈಲ್ ಸಿಗಲಿಲ್ಲ ಎಂಬ ದೋಷ ಮೊದಲ ಸಾಲಿಗೇ ಬಂದರೆ ಕೋಡ್ ತಿದ್ದುತ್ತ ಕೂರಬೇಡಿ. ಆಪ್ಷನ್ಸ್ ಮೆನುವಿನ ಡೈರೆಕ್ಟರೀಸ್‌ನಲ್ಲಿ ಫೋಲ್ಡರ್ ದಾರಿ ತಪ್ಪಿರುತ್ತದೆ.

ಇದಕ್ಕಿಂತ ದೊಡ್ಡ ತಕರಾರು, ಟರ್ಬೊ ಕಲಿಸುವ ಭಾಷೆ 1998ರ ಸಿ++ ಮಾನಕಕ್ಕೂ ಹಿಂದಿನದು ಎನ್ನುವುದು. ಐಒಸ್ಟ್ರೀಮ್ ಡಾಟ್ ಎಚ್, ಸಿಎಲ್‌ಆರ್‌ಎಸ್‌ಸಿಆರ್, ವಾಯ್ಡ್ ಮೇನ್ ಎಂದು ಬಾಯಿಪಾಠವಾದ ಕೈ ಕೋಡ್‌ಬ್ಲಾಕ್ಸ್‌ಗೆ ಬಂದರೆ ಮೂರೂ ನಡೆಯುವುದಿಲ್ಲ. ಹೆಡರ್‌ನ ‘ಡಾಟ್ ಎಚ್’ ತೆಗೆಯಬೇಕು, ‘ಯೂಸಿಂಗ್ ನೇಮ್‌ಸ್ಪೇಸ್ ಎಸ್‌ಟಿಡಿ’ ಸೇರಿಸಬೇಕು, ಮೇನ್‌ಗೆ ಇಂಟ್ ಹಾಕಬೇಕು, ಪರದೆ ಒರೆಸುವ ಸಾಲು ಬಿಡಬೇಕು. ಇಷ್ಟು ಮಾಡಿದರೆ ಪಿಯು ಮಟ್ಟದ ಬಹುಪಾಲು ಪ್ರೋಗ್ರಾಂಗಳು ಓಡುತ್ತವೆ.

ಕೋಡ್‌ಬ್ಲಾಕ್ಸ್ ಇಳಿಸಿಕೊಳ್ಳುವಾಗ ಹೆಸರಿನಲ್ಲಿ ‘ಮಿನ್‌ಜಿಡಬ್ಲ್ಯೂ’ ಇರುವ ಫೈಲನ್ನೇ ಆರಿಸಿ. ಇಲ್ಲದಿದ್ದರೆ ಎಡಿಟರ್ ಬರುತ್ತದೆ, ಕಂಪೈಲರ್ ಬರುವುದಿಲ್ಲ. ಎಫ್9 ಒತ್ತಿದರೆ ಕಂಪೈಲ್ ಆಗಿ ಓಡುತ್ತದೆ. ಸರಿಯಾದ ಪ್ರೋಗ್ರಾಂಗೂ ‘ಪರ್ಮಿಷನ್ ಡಿನೈಡ್’ ಬಂದರೆ ಹಿಂದಿನ ಸಲದ ಕಪ್ಪು ಕಿಟಕಿ ಇನ್ನೂ ತೆರೆದಿರುತ್ತದೆ, ಮುಚ್ಚಿ ಮತ್ತೆ ಓಡಿಸಿ. ಕೆಲವೊಮ್ಮೆ ಆಂಟಿವೈರಸ್ ಕೂಡ ಹೊಸ ಎಕ್ಸಿಕ್ಯೂಟಬಲ್ ಫೈಲನ್ನು ತಡೆಹಿಡಿಯುತ್ತದೆ.

ಅರೇ ಮಿತಿ ಮೀರಿದರೆ ಸಿ++ ಬಾಯಿ ಬಿಡುವುದಿಲ್ಲ. ಐದು ಜಾಗದ ಅರೇಗೆ ಲೂಪ್ 0ಯಿಂದ 5ರವರೆಗೆ ಓಡಿದರೆ ಆರನೇ ಮೌಲ್ಯ ಪಕ್ಕದ ಜಾಗಕ್ಕೆ ಬೀಳುತ್ತದೆ. ಅಲ್ಲಿ ಲೂಪಿನ ಎಣಿಕೆಯ ವೇರಿಯಬಲ್ಲೇ ಇದ್ದರೆ ಲೂಪ್ ನಿಲ್ಲದೆ ಓಡಬಹುದು. ಇನ್ನೊಮ್ಮೆ ಏನೂ ಆಗದೆಯೂ ಇರಬಹುದು. ಪೈಥಾನ್ ಆ ಕ್ಷಣವೇ ‘ಇಂಡೆಕ್ಸ್ ಎರರ್’ ಎಂದು ಸಾಲಿನ ಸಂಖ್ಯೆಯೊಂದಿಗೆ ನಿಲ್ಲಿಸುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ಎಷ್ಟು ದೊಡ್ಡ ಉಪಕಾರ ಎಂದು ಲ್ಯಾಬ್‌ನಲ್ಲಿ ಮಾರ್ಗದರ್ಶನ ಮಾಡುವವರಿಗೇ ಗೊತ್ತು.

ಐಡಲ್ ಮತ್ತು ಥಾನಿ

ಐಡಲ್ ಪೈಥಾನ್ ಜೊತೆಗೇ ಬರುತ್ತದೆ, ಹಳೆಯ ಯಂತ್ರದಲ್ಲೂ ಬೇಗ ತೆರೆಯುತ್ತದೆ. ತೆರೆದಾಗ ಕಾಣುವುದು ಒಂದೊಂದೇ ಆಜ್ಞೆಯನ್ನು ಓಡಿಸುವ ಶೆಲ್, ಎಡಿಟರ್ ಅಲ್ಲ. ಇಡೀ ಪ್ರೋಗ್ರಾಂ ಅನ್ನು ಶೆಲ್‌ಗೆ ಅಂಟಿಸಿದರೆ ಸಿಂಟ್ಯಾಕ್ಸ್ ಎರರ್. ಕಂಟ್ರೋಲ್–ಎನ್ ಒತ್ತಿ ಹೊಸ ಫೈಲ್ ತೆರೆದು, ಬರೆದು, ಉಳಿಸಿ, ಎಫ್5 ಒತ್ತಬೇಕು. ಪಿಡಿಎಫ್‌ನಿಂದ ನಕಲು ಮಾಡಿದಾಗ ಮೂರು ಬಾಣದ ಗುರುತು, ಬಾಗಿದ ಉದ್ಧರಣ ಚಿಹ್ನೆ ಎರಡೂ ಅಂಟಿಕೊಂಡು ಬರುತ್ತವೆ. ಬಾಗಿದ ಚಿಹ್ನೆಯನ್ನು ಅಳಿಸಿ ಕೀಲಿಮಣೆಯಿಂದಲೇ ಟೈಪ್ ಮಾಡಬೇಕು. ಇನ್ನೊಂದು ಮಾಮೂಲಿ ತಪ್ಪು, ರ‍್ಯಾಂಡಮ್ ಮಾಡ್ಯೂಲ್ ಅಭ್ಯಾಸದ ಫೈಲಿಗೆ ‘ರ‍್ಯಾಂಡಮ್’ ಎಂದೇ ಹೆಸರಿಡುವುದು. ಆಗ ಇಂಪೋರ್ಟ್ ನಿಜವಾದ ಮಾಡ್ಯೂಲ್ ಬಿಟ್ಟು ಆ ಫೈಲನ್ನೇ ಎತ್ತಿಕೊಳ್ಳುತ್ತದೆ. ಅದೇ ಫೋಲ್ಡರಿನ ಉಳಿದ ಪ್ರೋಗ್ರಾಂಗಳೂ ಕೆಡುತ್ತವೆ.

ಥಾನಿ ಎಸ್ಟೋನಿಯಾದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು, ಪೈಥಾನ್ ಅದರೊಳಗೇ ಇರುತ್ತದೆ. ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ಆರಿಸಿ, ಕಂಟ್ರೋಲ್–ಎಫ್5 ಒತ್ತಿ ಡೀಬಗ್ ಶುರುಮಾಡಿ, ಎಫ್7ರಿಂದ ಒಂದೊಂದೇ ಹೆಜ್ಜೆ ಇಡಿ. ಇನ್‌ಪುಟ್‌ನಿಂದ ಬಂದ 35 ಬಲಬದಿಯ ಪಟ್ಟಿಯಲ್ಲಿ ಉದ್ಧರಣ ಚಿಹ್ನೆಯೊಳಗೆ ಕಾಣುತ್ತದೆ, ಇಂಟ್‌ನಿಂದ ಪರಿವರ್ತಿಸಿದ 35 ಚಿಹ್ನೆಯಿಲ್ಲದೆ ಕಾಣುತ್ತದೆ. ಐಡಲ್‌ನ ಮಾಮೂಲಿ ಓಟದಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. 5 ಮತ್ತು 6 ಕೂಡಿಸಿದರೆ 56 ಬಂದಾಗ ತಪ್ಪು ಗೊತ್ತಾಗುತ್ತದೆ ನಿಜ. ಆದರೆ ಅಂಕಗಳನ್ನು ಸ್ಟ್ರಿಂಗ್ ಆಗಿಯೇ ಹೋಲಿಸಿದರೆ 100ಕ್ಕಿಂತ 35 ದೊಡ್ಡದಾಗಿಬಿಡುತ್ತದೆ. ದೋಷದ ಸಂದೇಶವೇ ಇಲ್ಲ, ಪ್ರಥಮ ಸ್ಥಾನ ಮಾತ್ರ ಕಡಿಮೆ ಅಂಕದವರ ಪಾಲು.

ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆಯುವುದು) ಕಲಿಸಲು ಥಾನಿಗೆ ಈ ನಾಲ್ಕರಲ್ಲಿ ಸಾಟಿಯಿಲ್ಲ. ಫ್ಯಾಕ್ಟೋರಿಯಲ್ ಫಂಕ್ಷನ್ ತನ್ನನ್ನೇ ಕರೆದಾಗಲೆಲ್ಲ ಹೊಸ ಪುಟ್ಟ ಕಿಟಕಿ ತೆರೆಯುತ್ತದೆ, ಪ್ರತಿಯೊಂದರಲ್ಲೂ ಅದರದೇ ಮೌಲ್ಯ. ಉತ್ತರ ಹಿಂತಿರುಗುವಾಗ ಒಂದೊಂದಾಗಿ ಮುಚ್ಚುತ್ತ ಬರುತ್ತವೆ. ಸ್ಟ್ಯಾಕ್ ಪಾಠಕ್ಕೆ ಬೇರೆ ಚಿತ್ರವೇ ಬೇಡ. ಎರಡು ಹೆಸರು ಒಂದೇ ಲಿಸ್ಟನ್ನು ತೋರಿಸುವ ಗೋಜಲಿಗೆ ವ್ಯೂ ಮೆನುವಿನ ‘ಹೀಪ್’ ನೋಡಿ. ಸಾವಿರಾರು ಸುತ್ತಿನ ಲೂಪಿಗೆ ಈ ಡೀಬಗ್ ಬಹಳ ನಿಧಾನ, ಸುತ್ತುಗಳನ್ನು ಐದಾರಕ್ಕೆ ಇಳಿಸಿಕೊಳ್ಳಿ. ಲೂಪ್ ನಿಲ್ಲದಿದ್ದರೆ ಕಂಟ್ರೋಲ್–ಎಫ್2.

ಕನ್ನಡ ಅಕ್ಷರ ಟರ್ಬೊದಲ್ಲಿ ಕನಸಿನ ಮಾತು. ಪೈಥಾನ್‌ನಲ್ಲಿ ವೇರಿಯಬಲ್ ಹೆಸರೂ ಕನ್ನಡದಲ್ಲಿರಬಹುದು. ಆದರೆ ಹಿಂದುಮುಂದಾಗಿ ಓದಿದರೂ ಒಂದೇ ಇರುವ ಪದ ಗುರುತಿಸುವ ಪ್ಯಾಲಿಂಡ್ರೋಮ್ ಅಭ್ಯಾಸಕ್ಕೆ ‘ವಿಕಟಕವಿ’ ಕೊಟ್ಟು ನೋಡಿ, ಅಲ್ಲ ಎನ್ನುತ್ತದೆ! ಪೈಥಾನ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು. ಗುಡಿಸು ಬೇರೆ ಸಂಕೇತವಾದ್ದರಿಂದ ತಿರುಗಿಸಿದಾಗ ಅದು ‘ವ’ದ ಮುಂದೆ ಬಂದು ಕೂರುತ್ತದೆ. ಇದೇ ಕಾರಣಕ್ಕೆ ‘ಕನ್ನಡ’ದ ಉದ್ದ 5. ಎನ್‌ಕೋಡಿಂಗ್ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಹಾಗಿದ್ದೂ ಐಡಲ್ ಏಕೆ ಬೇಕು? 083ರಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30. ಆ 70ರ ಪತ್ರಿಕೆಯಲ್ಲಿ ‘ಔಟ್‌ಪುಟ್ ಬರೆಯಿರಿ’, ‘ತಪ್ಪು ತಿದ್ದಿ’ ಎಂಬ ಪ್ರಶ್ನೆಗಳನ್ನು ಕಾಗದದ ಮೇಲೆ ಬಿಡಿಸಬೇಕು. ವೇರಿಯಬಲ್ ಪಟ್ಟಿ ತೋರಿಸುವವರು ಅಲ್ಲಿ ಯಾರೂ ಇಲ್ಲ. ವರ್ಷದ ಕೊನೆಯ ತಿಂಗಳುಗಳಲ್ಲಿ ಐಡಲ್‌ಗೆ ಬಂದು, ಮೊದಲು ನೋಟ್‌ಬುಕ್‌ನಲ್ಲಿ ಟ್ರೇಸ್ ಟೇಬಲ್ (ಹೆಜ್ಜೆಹೆಜ್ಜೆಗೆ ವೇರಿಯಬಲ್‌ಗಳ ಮೌಲ್ಯದ ಪಟ್ಟಿ) ಬರೆದು, ಆಮೇಲೆ ಎಫ್5 ಒತ್ತಿ ತಾಳೆ ನೋಡುವುದು ವಾಸಿ.

ಫೈಲ್ ಪಾಠದಲ್ಲಿ ಎರಡೂ ಸಮ. ಫೈಲ್ ಸಿಗಲಿಲ್ಲ ಎಂದರೆ ಮೊದಲು ವಿಂಡೋಸ್‌ನಲ್ಲಿ ಎಕ್ಸ್‌ಟೆನ್ಷನ್ ಕಾಣುವಂತೆ ಮಾಡಿ. ಹೆಸರಿನ ಕೊನೆಗೆ ‘ಡಾಟ್ ಟಿಎಕ್ಸ್‌ಟಿ’ ಎರಡು ಸಲ ಅಂಟಿರುತ್ತದೆ. ಸಿಎಸ್‌ವಿ ಬರೆಯುವಾಗ ಸಾಲಿಗೊಂದು ಖಾಲಿ ಸಾಲು ಬಂದರೆ ಓಪನ್ ಒಳಗೆ ನ್ಯೂಲೈನ್‌ಗೆ ಖಾಲಿ ಸ್ಟ್ರಿಂಗ್ ಕೊಡಬೇಕು.

ಮೈಎಸ್‌ಕ್ಯೂಎಲ್ ಡೇಟಾಬೇಸ್ ಜೋಡಣೆಯಲ್ಲಿ ಮಾತ್ರ ಥಾನಿ ಮುಗ್ಗರಿಸುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಪ್ಯಾಕೇಜ್ ಹಾಕುವ ಪಿಪ್ ಮೂಲಕ ಕನೆಕ್ಟರ್ (ಡೇಟಾಬೇಸ್ ಜೋಡಿಸುವ ಪ್ಯಾಕೇಜ್) ಹಾಕಿದರೆ ಅದು ಸೇರುವುದು ಯಂತ್ರದ ಪೈಥಾನ್‌ಗೆ, ಥಾನಿಯೊಳಗಿನ ಪೈಥಾನ್‌ಗೆ ಅಲ್ಲ. ಹಾಗಾಗಿ ಐಡಲ್‌ನಲ್ಲಿ ಓಡಿದ ಪ್ರೋಗ್ರಾಂಗೆ ಥಾನಿಯಲ್ಲಿ ‘ಮಾಡ್ಯೂಲ್ ನಾಟ್ ಫೌಂಡ್’. ಟೂಲ್ಸ್ ಮೆನುವಿನ ಮ್ಯಾನೇಜ್ ಪ್ಯಾಕೇಜಸ್‌ನಲ್ಲಿ ‘ಮೈಎಸ್‌ಕ್ಯೂಎಲ್–ಕನೆಕ್ಟರ್–ಪೈಥಾನ್’ ಎಂಬ ಪೂರ್ಣ ಹೆಸರಿನದನ್ನೇ ಹುಡುಕಿ ಹಾಕಿ, ಕೊನೆಯ ‘ಪೈಥಾನ್’ ಇಲ್ಲದ ಇನ್ನೊಂದು ಹಳೆಯದು. ಎರಡೂ ಕಡೆ ಮರೆಯುವ ಸಾಲು, ಬದಲಾವಣೆಯನ್ನು ಡೇಟಾಬೇಸ್‌ನಲ್ಲಿ ಕಾಯಂ ಮಾಡುವ ‘ಕಮಿಟ್’. ಇನ್ಸರ್ಟ್ ಆದಮೇಲೆ ಅದಿಲ್ಲದಿದ್ದರೆ ಪ್ರೋಗ್ರಾಂ ದೋಷವಿಲ್ಲದೆ ಮುಗಿಯುತ್ತದೆ, ಟೇಬಲ್‌ನಲ್ಲಿ ಸಾಲು ಇರುವುದಿಲ್ಲ.

ಲ್ಯಾಬ್ ಯಂತ್ರಗಳಲ್ಲಿ ವಿಂಡೋಸ್ 7 ಇದ್ದರೆ ಪೈಥಾನ್ 3.8ಕ್ಕಿಂತ ಹೊಸದು ಕೂರುವುದಿಲ್ಲ. ಈ ಹಂತದ ಪಠ್ಯಕ್ಕೆ ಅಷ್ಟು ಧಾರಾಳ ಸಾಕು. ಎಲ್ಲ ಯಂತ್ರಕ್ಕೂ ಒಂದೇ ಆವೃತ್ತಿ ಹಾಕಿ. ಆವೃತ್ತಿ ಬೇರೆಯಾದರೆ ದೋಷದ ಸಂದೇಶದ ಪದಗಳೂ ಬೇರೆಯಾಗುತ್ತವೆ, ಪಕ್ಕಪಕ್ಕ ಕೂತ ಇಬ್ಬರಿಗೂ ಬೇರೆಬೇರೆ ವಿವರಣೆ ಕೊಡುತ್ತ ಓಡಾಡಬೇಕಾಗುತ್ತದೆ.